ಮಾವನ ಗಾಳ ವಿಮಾನ ಹತ್ತಿದ್ದು!

ಶ್ರೀರಂಗಪಟ್ಟಣ ಅಂದ ಕೂಡಲೇ ನಮ್ಮ ಚಿತ್ರರಸಿಕರಿಗೆ ಏನು ನೆನಪಾಗುತ್ತೆ? ಟಿಪ್ಪುವಿನ ಕೋಟೆಯಾ? ರಂಗನಾಥಸ್ವಾಮಿಯಾ? ಊಹೂಂ! ಪಕ್ಕದ ಕನ್ನಂಬಾಡಿ ಕಟ್ಟೆ, ಬೃಂದಾವನದ ಬಣ್ಣದ ಕಾರಂಜಿ, ಅದರ ಮುಂದೆ ಕೈಕೈ ಹಿಡಿದು ಓಡುವ ನಾಯಕ, ನಾಯಕಿ. ಅಲ್ಲಿ ಎಷ್ಟು ಡ್ಯುಯೆಟ್ ಚಿತ್ರೀಕರಣವಾಗಿದೆಯೋ ಲೆಕ್ಕ ಇಟ್ಟವರಿಲ್ಲ.

ಸಂಪಾದಕರು ನನಗೆ ಹೇಳಿದ್ದೂ ಅದೇ. "ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ನಾಲ್ಕು ತಾಲ್ಲೂಕು ಸುತ್ತಿ ಬಾ. ಷೂಟಿಂಗ್ ಸ್ಪಾಟುಗಳ ಮೇಲೆ ಒಂದು ಲೇಖನ ಕೊಡು" ಅಂದರು. ಬಸ್ ಚಾರ್ಜನ್ನೂ ಕೊಟ್ಟರು. (ಊಟದ್ದು ಕೊಡಲಿಲ್ಲ. ಅದಿರಲಿ.) ನಾಲ್ಕೂ ತಾಲ್ಲೂಕು ಸುತ್ತಿದೆ, ನಿಜ. ಆದರೆ ಸುತ್ತಿದ್ದು ಕ್ಯಾಮೆರಾ ಹಿಂದೆ ಅಲ್ಲ, ಒಂದು ಮೀನು ಹಿಡಿಯುವ ಗಾಳದ ಹಿಂದೆ!

ನನ್ನ ಸೋದರತ್ತೆಯ ಮಗ, ನಮ್ಮ ಭಾವ, ನರ್ಸಿಂಗ್ ಓದಿದವನು. ನಾನು ಪಿಯುಸಿಗೇ ಕಾಲೇಜಿಗೆ ಕೈಮುಗಿದವನು, ಅವನು ಓದುತ್ತಲೇ ಹೋದ. ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿ, ನ್ಯೂಜಿಲೆಂಡಿನ ಹ್ಯಾಮಿಲ್ಟನ್ ಅನ್ನೋ ಊರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಗಿಟ್ಟಿಸಿದ. ಹೋಗೋಕೆ ಹತ್ತು ದಿನ ಇದೆ ಅನ್ನುವಾಗ ಫೋನ್ ಮಾಡಿದ.

"ಲೋ, ನಿಮಿಷಾಂಬ ತಾಯಿಗೆ ಹರಕೆ ಅದೆ. ಗಂಜಾಂಗೆ ಬಾ. ಇನ್ನೊಂದು ಇಸ್ಯ. ಅಪ್ಪನ ಗಾಳದ ಕಡ್ಡಿ ತಕಂಡೋಗ್ಬೇಕು ಕನ್ಲಾ. ಪ್ಲೇನಲ್ಲಿ ಬುಡ್ತಾರಾ ವಸಿ ವಿಚಾರಿಸು. ನೀನು ಪೇಪರ್ನೋನಲ್ವಾ?"

ಪೇಪರ್‌ನವನು ಅಂದ ಮೇಲೆ ಗೊತ್ತಿಲ್ಲ ಅನ್ನೋಕಾಗುತ್ತಾ? ಹೊರಟೆ.

ನಿಮಿಷಾಂಬ ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಕಾವೇರಿ ನೋಡುತ್ತಾ ಭಾವ ಹೇಳಿದ್ದಿಷ್ಟು. ಹ್ಯಾಮಿಲ್ಟನ್ ಊರಿನ ನಡುವೆಯೇ ವೈಕಾಟೊ ಅನ್ನೋ ನದಿ ಹರಿಯುತ್ತೆ. ಉದ್ದ 425 ಕಿಲೋಮೀಟರು, ಆ ದೇಶಕ್ಕೆಲ್ಲ ಅದೇ ಉದ್ದದ ನದಿ. ನಮ್ಮ ಕಾವೇರಿಯ ಅರ್ಧಕ್ಕಿಂತ ಒಂಚೂರು ಜಾಸ್ತಿ ಅನ್ನಿ. "ಮನೆ ಹತ್ರ ನೀರು ಹರಿತಾ ಇದ್ರೆ, ಕೈಯಲ್ಲಿ ಅಪ್ಪನ ಕಡ್ಡಿ ಇದ್ರೆ, ಅದೂ ನಮ್ಮೂರೇ ಕನ್ಲಾ" ಅಂದ. ಸಿನಿಮಾ ಡೈಲಾಗ್ ಥರಾ ಇತ್ತು. ಆದರೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಅಲ್ಲಿಂದ ಸಂಗಮಕ್ಕೆ ಬಂದೆವು. ಹರಿಗೋಲು ಹಾಕುವ ವಯಸ್ಸಾದವರೊಬ್ಬರಿಗೆ ಈ ವಿಷಯ ಹೇಳಿದರೆ ಬಿದ್ದೂ ಬಿದ್ದೂ ನಕ್ಕರು. "ಅಲ್ಲಪ್ಪಾ, ಆ ಕಾಲ್ದಲ್ಲಿ ದೊರೆಗೋಳು ಅಲ್ಲಿಂದ ಗಾಳ ತಕಂಡು ನಮ್ ವೊಳೆಗೆ ಬತ್ತಿದ್ರು. ನೀನು ಇಲ್ಲಿಂದ ತಕಂಡು ಅವರ್ ವೊಳೆಗೆ ವೋಯ್ತಿದೀಯಾ!"

ತಮಾಷೆಗೆ ಅಂದರೂ ಅಜ್ಜ ಹೇಳಿದ್ದು ಸತ್ಯ, ಸ್ವಾಮೀ! ಗಾಳ ಹೊತ್ತು ಸಮುದ್ರ ದಾಟುವ ಈ ಹುಚ್ಚಿಗೆ ನಮ್ಮ ಕಾವೇರಿಯೇ ಹೆಸರುವಾಸಿ. 1873ರಲ್ಲೇ ಹೆನ್ರಿ ಸಲಿವನ್ ಥಾಮಸ್ ಅನ್ನೋ ಬ್ರಿಟಿಷ್ ಅಧಿಕಾರಿ ಭಾರತದಲ್ಲಿ ಗಾಳ ಹಾಕೋದು ಹೇಗೆ ಅಂತ ಒಂದು ದಪ್ಪ ಪುಸ್ತಕ ಬರೆದ. ಅದು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ನಮ್ಮ ಮಂಗಳೂರಿನಲ್ಲಿ! ಆಗೆಲ್ಲ ಕಡ್ಡಿ, ರಾಟೆ, ಕೊಕ್ಕೆ ಎಲ್ಲ ಹಡಗಿನಲ್ಲಿ ವಾರಗಟ್ಟಲೆ ತೇಲಿ ಬರಬೇಕು. ಇಷ್ಟೆಲ್ಲ ಯಾತಕ್ಕೆ? ಮಹಶೀರ್ ಮೀನಿಗೆ. ಬೆನ್ನು ಗೂನಾದ, ಹೊನ್ನಿನ ಬಣ್ಣದ, ತಟ್ಟೆಯಷ್ಟಗಲ ಪೊರೆಯ ಕಾವೇರಿ ಮಹಶೀರ್.

1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿ ನದಿಯಲ್ಲಿ 120 ಪೌಂಡಿನ ಮಹಶೀರ್ ಎಳೆದು ಹಾಕಿದರು. ಅಂದರೆ ಸುಮಾರು 54 ಕಿಲೋ, ಒಬ್ಬ ಕಾಲೇಜು ಹುಡುಗನ ತೂಕ! ವ್ಯಾನ್ ಇಂಗನ್ ಅಂದರೆ ಗೊತ್ತಲ್ಲ? ಮಹಾರಾಜರುಗಳು ಹೊಡೆದ ಹುಲಿಗಳಿಗೆ ಹದ ಹಾಕಿ, ಒಳಗೆ ತುಂಬಿ, ಜೀವ ಇರೋ ಹಾಗೆ ನಿಲ್ಲಿಸುತ್ತಿದ್ದ ಮೈಸೂರಿನ ಸಂಸ್ಥೆ. ಹಳೇ ಚಿತ್ರಗಳಲ್ಲಿ ಜಮೀನ್ದಾರನ ಬಂಗಲೆ ಸೀನ್ ಬಂದರೆ ಗೋಡೆ ಮೇಲೆ ಬಾಯಿ ತೆರೆದ ಹುಲಿ ತಲೆ ಇರಲೇಬೇಕಲ್ಲ, ಆ ಜಾತಿಯ ಕೆಲಸ.

ಸ್ವಾತಂತ್ರ್ಯ ಬಂತು, ದೊರೆಗಳು ಹೋದರು, ಕಾವೇರಿ ಮೀನನ್ನು ಹೊರಗಿನವರು ಮರೆತೇಬಿಟ್ಟರು. 1970ರ ದಶಕದ ಕೊನೆಗೆ ಇಂಗ್ಲೆಂಡಿನಿಂದ ಮತ್ತೆ ಹುಡುಕಿಕೊಂಡು ಬಂದರು. ಆಮೇಲೆ ನಮ್ಮದೇ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ ಕ್ಯಾಂಪು ಎದ್ದಿತು. ವಿಮಾನ ಇಳಿದು, ಉದ್ದುದ್ದ ಕೊಳವೆ ಹೆಗಲಿಗೇರಿಸಿಕೊಂಡು ಬರುವ ಬಿಳಿಯರು ಹೊಳೆದಂಡೆಯಲ್ಲಿ ಮಾಮೂಲಾದರು. ಟೆಲಿವಿಷನ್‌ನಲ್ಲಿ ರಾಕ್ಷಸ ಮೀನುಗಳ ಬೆನ್ನು ಹತ್ತುವ ಜೆರೆಮಿ ವೇಡ್‌ನನ್ನು ನೋಡಿದ್ದೀರಲ್ಲ? ಅವನು ಗಾಳ ಹಿಡಿದು ಮೊದಲ ಸಲ ಪರದೇಶಕ್ಕೆ ಹೊರಟದ್ದು 1982ರಲ್ಲಿ, ಬಂದದ್ದು ನಮ್ಮ ಭಾರತಕ್ಕೆ! ಇದರಲ್ಲಿ ನನಗೆ ಬಲೇ ಇಷ್ಟವಾದ ಸಂಗತಿ ಯಾವುದು ಗೊತ್ತಾ? ಸಾವಿರಾರು ರೂಪಾಯಿಯ ಕಡ್ಡಿ ಹಿಡಿದು ಬಂದವರು ಕೊಕ್ಕೆಗೆ ಸಿಕ್ಕಿಸುತ್ತಿದ್ದದ್ದು ನಮ್ಮ ರಾಗಿ ಮುದ್ದೆ! ಹೊಳೆಯ ಜನ ಕಲಿಸಿದ ವಿದ್ಯೆ ಅದು. ಹಿಡಿದ ಮೀನನ್ನು ತೂಗಿ, ಫೋಟೋ ಹೊಡೆದು, ಮತ್ತೆ ನೀರಿಗೆ ಬಿಡುತ್ತಿದ್ದರು.

ಈಗ ಅದೂ ಇಲ್ಲ. ಕಾವೇರಿ ವನ್ಯಧಾಮದೊಳಗೆ ಗಾಳ ಹಾಕೋದು 2010ರ ದಶಕದ ಆರಂಭದಲ್ಲೇ ನಿಂತುಹೋಯಿತು. ಆ ಗೂನು ಬೆನ್ನಿನ ಮೀನಿಗೆ ವಿಜ್ಞಾನಿಗಳು ಸರಿಯಾದ ಹೆಸರು ಗೊತ್ತು ಮಾಡಿದ್ದು 2018ರಲ್ಲಿ, ಟಾರ್ ರೇಮದೇವಿ ಅಂತ. ಹೆಸರು ಸಿಕ್ಕ ವರ್ಷವೇ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಸಾಯುವ ಹೊತ್ತಿಗೆ ನಾಮಕರಣ! ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟಿನಲ್ಲಂತೂ ಗಾಳದ ಮಾತೇ ಇಲ್ಲ. 1940ರಲ್ಲಿ ಸಲೀಂ ಅಲಿ ಅವರ ಮಾತಿನ ಮೇಲೆ ಪಕ್ಷಿಧಾಮವಾದ ಜಾಗ ಅದು. ಅಲ್ಲಿನ ಮೀನೆಲ್ಲ ಹಕ್ಕಿಗೆ, ಮೊಸಳೆಗೆ.

ಸರಿ, ಬಸ್ ಹತ್ತಿ ಪಾಂಡವಪುರ. ಈ ಊರಿಗೆ ಹಿಂದೆ ಫ್ರೆಂಚ್ ರಾಕ್ಸ್ ಅಂತ ಹೆಸರಿತ್ತು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆ ಇಲ್ಲಿ ಬಿಡಾರ ಹೂಡಿತ್ತು. ಇದೇ ತಾಲ್ಲೂಕಿನ ಮೇಲುಕೋಟೆಯಲ್ಲಿ 1948ರಲ್ಲಿ ಹುಟ್ಟಿದ ಹುಡುಗಿ ಯಾರು? ಜಯಲಲಿತಾ! 1964ರ 'ಚಿನ್ನದ ಗೊಂಬೆ'ಯಲ್ಲಿ ಕುಣಿದಾಕೆ ಆಮೇಲೆ ತಮಿಳುನಾಡಿನ ಮುಖ್ಯಮಂತ್ರಿಯಾಗಿ ಇದೇ ಕಾವೇರಿ ನೀರಿಗೆ ನಮ್ಮ ಮೇಲೆ ಪಟ್ಟು ಹಿಡಿದರು. ಇದಕ್ಕಿಂತ ದೊಡ್ಡ ಕ್ಲೈಮ್ಯಾಕ್ಸ್ ಯಾವ ಕಥೆಗಾರ ಬರೆದಾನು? ಸಂಪಾದಕರೇ, ಷೂಟಿಂಗ್ ಸ್ಪಾಟು ಕೇಳಿದ್ದಿರಲ್ಲ, ತಗೊಳ್ಳಿ: ಮೇಲುಕೋಟೆಯ ಕಲ್ಯಾಣಿ, ರಾಯಗೋಪುರ. ಆಯಿತಾ? ಮುಂದೆ ಹೋಗೋಣ.

ಪಾಂಡವಪುರದಲ್ಲಿ ನಾವು ಮಾಡಿದ ಕೆಲಸ ಪೈಪು ಕೊಂಡದ್ದು. ಗಾಳದ ಕಡ್ಡಿಯನ್ನು ಹಾಗೇ ಕೊಟ್ಟರೆ ವಿಮಾನದ ಲಗೇಜಿನಲ್ಲಿ ಮುರಿದು ಸೌದೆ ಆಗುತ್ತೆ. ಅದಕ್ಕೇ ಫಾರಿನ್ನಿನವರು ಗಟ್ಟಿ ಕೊಳವೆಯೊಳಗೆ ಹಾಕಿ ಎರಡೂ ಕಡೆ ಮುಚ್ಚಳ ಬಿಗಿದು ತರುತ್ತಾರೆ. ನೀರಿನ ಪಿವಿಸಿ ಪೈಪಾದರೂ ಸಾಕು. ಮಾವನ ಕಡ್ಡಿ ಒಂಬತ್ತು ಅಡಿ. ಹತ್ತಡಿ ಪೈಪು, ಎರಡು ಮುಚ್ಚಳ, ಜೊತೆಗೆ ಹಳೇ ಬಟ್ಟೆ ತುಂಬಿದರೆ ಆಯಿತು ಅಂದ ಭಾವ. ನನಗೂ ಸರಿ ಅನ್ನಿಸಿತು.

ಹತ್ತಡಿ ಪೈಪು ಹಿಡಿದು ಕೆ.ಆರ್.ಪೇಟೆ ಬಸ್ ಹತ್ತಿದ್ದೀರಾ ಯಾವತ್ತಾದರೂ? ಹತ್ತಬೇಡಿ! ಒಂದು ತುದಿ ಡ್ರೈವರ್ ಕಿವಿ ಹತ್ತಿರ, ಇನ್ನೊಂದು ತುದಿ ಹಿಂದಿನ ಸೀಟಿನ ಅಜ್ಜಿಯ ಮಂಕರಿಯಲ್ಲಿ. ಕಂಡಕ್ಟರ್ ಕೇಳಿದ, "ಏನ್ಸಾರ್, ಬೋರ್‌ವೆಲ್ಲಾ?" ಭಾವ ಬಹಳ ಗಂಭೀರವಾಗಿ, "ಇಲ್ಲ, ನ್ಯೂಜಿಲೆಂಡು" ಅಂದ. ಲಗೇಜ್ ಟಿಕೆಟ್ ಹರಿದ.

ಆ ಬಸ್ಸಿನಲ್ಲಿ ಕೂತೇ ನಾನು ಮೊಬೈಲಿನಲ್ಲಿ ವಿಮಾನದ ನಿಯಮ ಓದಿದ್ದು. ಪೈಪು ಕೊಳ್ಳುವ ಮುಂಚೆ ಓದಬೇಕಿತ್ತು, ತಪ್ಪು ನನ್ನದೇ. ಸಾಮಾನ್ಯವಾಗಿ ಒಂದು ಲಗೇಜಿಗೆ ಉದ್ದ, ಅಗಲ, ಎತ್ತರ ಮೂರೂ ಕೂಡಿ 158 ಸೆಂಟಿಮೀಟರು ಮಿತಿ. ಅದು ಮೀರಿದರೆ ಆಟದ ಸಾಮಾನು ಅಂತ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು, ದುಡ್ಡು ಕಟ್ಟಬೇಕು; ತೀರಾ ಉದ್ದ ಇದ್ದರೆ ಬೇಡವೇ ಬೇಡ ಅನ್ನಬಹುದು. ಒಂಬತ್ತು ಅಡಿ ಅಂದರೆ 274 ಸೆಂಟಿಮೀಟರು! ಅಂಗಡಿಯಲ್ಲಿ ಸಿಗುವ ಈಗಿನ ಕಡ್ಡಿಗಳು ಮೂರು ತುಂಡು, ನಾಲ್ಕು ತುಂಡಾಗಿ ಬಿಚ್ಚುತ್ತವೆ. ಮಾವನದು ಒಂದೇ ಬಿದಿರು.

ಭಾವನಿಗೆ ಹೇಳಿದೆ. ಅವನು ಕೆ.ಆರ್.ಪೇಟೆ ಬರುವವರೆಗೂ ಮಾತಾಡಲಿಲ್ಲ.

ಕೆ.ಆರ್.ಪೇಟೆ ತಾಲ್ಲೂಕು ಅಂದರೆ 'ಮೈಸೂರ ಮಲ್ಲಿಗೆ'ಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿ ಇರುವ ತಾಲ್ಲೂಕು. 1992ರಲ್ಲಿ ನಾಗಾಭರಣ ಅದೇ ಹೆಸರಿನಲ್ಲಿ ಚಿತ್ರ ತೆಗೆದರಲ್ಲ, ಅದೇ. ಅತ್ತೆಯ ಊರು ಮಾತ್ರ ಇನ್ನೊಂದು ದಿಕ್ಕಿಗೆ, ಅಂಬಿಗರಹಳ್ಳಿ ಕಡೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಕೂಡುವ ಹಿನ್ನೀರಿನ ಜಾಗ. 2022ರಲ್ಲಿ ಕುಂಭಮೇಳ ನಡೆದದ್ದು ಅಲ್ಲೇ. ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ ನೀರು ನಿಂತ ಮೇಲೆ ಎಷ್ಟೋ ಊರು ಮುಳುಗಿದವು. ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯೂ ಮುಳುಗಿತ್ತು. ಈಗ ಅದನ್ನು ಕಲ್ಲು ಕಲ್ಲೂ ಬಿಚ್ಚಿ ತಂದು ಹಿನ್ನೀರಿನ ದಂಡೆಯಲ್ಲಿ ಮತ್ತೆ ಕಟ್ಟಿದ್ದಾರೆ. ಸಂಜೆ ಹೊತ್ತು ಹೋಗಿ ನೋಡಿ. ನೀರಿನ ಮೇಲೆ ಬಿಸಿಲು ಬಿದ್ದಾಗ ಕ್ಯಾಮೆರಾಮನ್ ಲೈಟು ಹಾಕುವ ಅಗತ್ಯವೇ ಇಲ್ಲ.

ಮಾವ ಹಿನ್ನೀರಿನಲ್ಲಿ ಬಲೆ ಬಿಟ್ಟು ಬದುಕಿದವರು. ಕಾಟ್ಲಾ, ರೋಹು, ಜಿಲೇಬಿ ಮೀನು. ಆದರೆ ಬಲೆ ಹೊಟ್ಟೆಪಾಡಿಗೆ. ಗಾಳ ಮಾತ್ರ ಅವರ ಸ್ವಂತ ಸುಖಕ್ಕೆ. ಆ ಕಡ್ಡಿ ಭಾವ ಹುಟ್ಟುವುದಕ್ಕೂ ಮೊದಲು ತಾವೇ ಕಡಿದು, ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡಿ, ಎಣ್ಣೆ ಕುಡಿಸಿದ ಗಟ್ಟಿ ಬಿದಿರು. ಹಿಡಿಯುವ ಜಾಗ ಕೈ ಸವೆದು ಕನ್ನಡಿಯ ಹಾಗಾಗಿತ್ತು. ಮಂಡಿ ನೋವು ಬಂದ ಮೇಲೆ ಮಾವ ನೀರಿಗೆ ಇಳಿಯೋದು ಬಿಟ್ಟಿದ್ದಾರೆ. ಕಡ್ಡಿ ಸೂರಿನ ಕೆಳಗೆ ಇತ್ತು.

ಪೈಪು ನೋಡಿ, "ಇದೇನಪ್ಪಾ ಪತ್ರಕರ್ತ, ನಮ್ ಮನೇಗೆ ನಲ್ಲಿ ಹಾಕ್ಸಿಯಾ?" ಅಂದರು. ನಾನು ತೊದಲುತ್ತಾ ನಿಯಮ ಹೇಳಿದೆ. 158 ಸೆಂಟಿಮೀಟರು ಅಂದೆ. ಮಾವ ಕಡ್ಡಿ ಕಡೆ ನೋಡಿದರು, ಮಗನ ಕಡೆ ನೋಡಿದರು. ಅತ್ತೆ ಒಲೆ ಮುಂದಿನಿಂದಲೇ, "ಬುಡು ಮಗಾ, ಅಲ್ಲೇನು ಗಾಳ ಸಿಕ್ಕಲ್ವಾ? ವೋದ್ಮೇಲೆ ತಕ್ಕೋ" ಅಂದರು. ಭಾವನೂ "ಬುಡಪ್ಪಾ, ಬ್ಯಾಡ. ಇಲ್ಲೇ ಇರ್ಲಿ" ಅಂದ.

ಮಾವ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಗರಗಸ.

ಅಷ್ಟು ಹೊತ್ತು ಯಾರೂ ಉಸಿರಾಡಲಿಲ್ಲ ಅಂತ ಬರೆದರೆ ನೀವು ಸಿನಿಮಾ ಅಂತೀರಿ. ಹಾಗೇನಿಲ್ಲ, ಹೊರಗೆ ಹಸು ಕೂಗುತ್ತಿತ್ತು, ಪಕ್ಕದ ಮನೆಯಲ್ಲಿ ಟಿವಿ ಹಾಡುತ್ತಿತ್ತು. ಮಾವ ದಾರದಲ್ಲಿ ಅಳತೆ ಹಿಡಿದು, ಗೆಣ್ಣು ಬಿಟ್ಟು, ಗೆಣ್ಣಿನ ಕೆಳಗೆ ಗುರುತು ಹಾಕಿ, ಎರಡು ಕಡೆ ಕುಯ್ದರು. ಮೂರು ತುಂಡು. "ನಾಗಮಂಗಲ್ದಲ್ಲಿ ಹಿತ್ತಾಳೆ ಕೆಲ್ಸದೋರವ್ರೆ. ಎರಡು ಬಳೆ ಹಾಕ್ಸು. ಬಿಗಿಯಾಗಿರ್ಲಿ. ಸಡ್ಲ ಆದ್ರೆ ಮೀನು ಎಳ್ದಾಗ ಬಿಚ್ಕತದೆ" ಅಂದರು ನನಗೆ. ಮಗನಿಗೆ ಏನೂ ಹೇಳಲಿಲ್ಲ. ಊಟಕ್ಕೂ ಕೂರಲಿಲ್ಲ. ಎದ್ದು ಹಿನ್ನೀರಿನ ಕಡೆ ಹೋದವರು ಕತ್ತಲಾದ ಮೇಲೆ ಬಂದರು.

ಮಾರನೇ ದಿನ ನಾಗಮಂಗಲ. ಹೊಯ್ಸಳರ ಸೌಮ್ಯಕೇಶವ ದೇವಸ್ಥಾನ ನೋಡಲೇಬೇಕಾದ್ದು, ಆದರೆ ನಾವು ನೋಡಿದ್ದು ಹೊರಗಿನಿಂದ ಕೈಮುಗಿದಷ್ಟೇ. ಹಿತ್ತಾಳೆ, ಕಂಚಿನ ಕೆಲಸಕ್ಕೆ ಹಳೇ ಹೆಸರು ಈ ಊರು. ದೀಪ, ಗಂಟೆ, ವಿಗ್ರಹ ಮಾಡುವ ಕೈಗಳು. ಒಬ್ಬರು ಹಿರಿಯರು ನಮ್ಮ ಮೂರು ತುಂಡು ತಿರುಗಿಸಿ ತಿರುಗಿಸಿ ನೋಡಿದರು. "ದೇವರಿಗೆ ಕೈ ಮಾಡಿದೀನಿ, ಕಾಲು ಮಾಡಿದೀನಿ. ಗಾಳಕ್ಕೆ ಮೂಳೆ ಕೂರಿಸೋದು ಇದೇ ಮೊದಲು" ಅಂದರು. ಎರಡು ಹಿತ್ತಾಳೆ ಕೊಳವೆ. ಒಂದು ತುಂಡಿಗೆ ಅದು ಕಚ್ಚಿಕೊಂಡಿರುತ್ತೆ, ಇನ್ನೊಂದು ತುಂಡು ಒಳಗೆ ಬಂದು ಕೂರುತ್ತೆ. ಬಿದಿರಿನ ತುದಿ ಕೆರೆದು, ಅರಗು ಕಾಯಿಸಿ ಬಿಗಿದರು. ಸಂಜೆ ಹೊತ್ತಿಗೆ ಕಡ್ಡಿ ಮತ್ತೆ ಒಂಬತ್ತು ಅಡಿಯಾಯಿತು. ಬಿಚ್ಚಿದರೆ ಮೂರಡಿ ಚಿಲ್ಲರೆ. ಹತ್ತಡಿ ಪೈಪಿನಲ್ಲಿ ಮೂರೂವರೆ ಅಡಿ ಕುಯ್ದುಕೊಂಡೆವು. ಉಳಿದದ್ದು ಈಗ ಅತ್ತೆಯ ಬಚ್ಚಲ ನೀರನ್ನು ಬಾಳೆ ಬುಡಕ್ಕೆ ಸಾಗಿಸುತ್ತಿದೆ.

ಹೊರಡುವ ರಾತ್ರಿ ವಿಮಾನ ನಿಲ್ದಾಣಕ್ಕೆ ಅತ್ತೆ ಬಂದರು, ನಾನು ಬಂದೆ. ಮಾವ ಬರಲಿಲ್ಲ. ಮಂಡಿ ನೋವು ಅಂದರು.

ಪೈಪು ಸಲೀಸಾಗಿ ಲಗೇಜಿಗೆ ಹೋಯಿತು. ಎಡವಟ್ಟಾಗಿದ್ದು ಕೊಕ್ಕೆಗಳಲ್ಲಿ. ಚೂಪಾದ್ದೇನೂ ಕೈಚೀಲದಲ್ಲಿ ಇರಬಾರದು, ಎಲ್ಲ ದೊಡ್ಡ ಪೆಟ್ಟಿಗೆಗೆ ಹಾಕು ಅಂತ ಸಾರಿ ಸಾರಿ ಹೇಳಿದ್ದೆ. ಭಾವ ಹಾಕಿಯೂ ಇದ್ದ. ಆದರೆ ಮಾವ ಹಿಂದಿನ ದಿನ ಯಾರಿಗೂ ಹೇಳದೆ ಮಗನ ಕೈಚೀಲದ ಜೇಬಿಗೆ ಒಂದು ಹಳೇ ಬೀಡಿ ಕಟ್ಟಿನ ಕಾಗದ ತುರುಕಿದ್ದರು. ಅದರೊಳಗೆ ನಾಲ್ಕು ಕೊಕ್ಕೆ, ಬೆಂಡು, ಸುತ್ತಿದ ದಾರ. ಎಕ್ಸರೇ ಯಂತ್ರದಲ್ಲಿ ಕಂಡಿತು. ತಪಾಸಣೆಯವರು ಮರ್ಯಾದೆಯಿಂದಲೇ ಕೇಳಿ, ಕೊಕ್ಕೆ ತೆಗೆದು ಡಬ್ಬಿಗೆ ಹಾಕಿ, ಬೆಂಡು, ದಾರ ವಾಪಸ್ ಕೊಟ್ಟರಂತೆ. ಒಳಗಿನಿಂದ ನನಗೆ ಫೋನ್ ಮಾಡಿ, "ಅಪ್ಪಂಗೆ ಹೇಳ್ಬೇಡ" ಅಂದ. ನಾನು ಇವತ್ತಿನವರೆಗೂ ಹೇಳಿಲ್ಲ. ಮಾವ ಈ ಪತ್ರಿಕೆ ಓದೋದಿಲ್ಲ, ಬಚಾವು!

ಸಿಂಗಪುರ ದಾಟಿ ಆಕ್ಲೆಂಡಿನಲ್ಲಿ ಇಳಿಯುವಾಗ ಇನ್ನೊಂದು ಪರೀಕ್ಷೆ. ನ್ಯೂಜಿಲೆಂಡು ಈ ವಿಷಯದಲ್ಲಿ ಬಲು ಬಿಗಿ. ಬೇರೆ ದೇಶದ ಮಣ್ಣು, ಬೀಜ, ಹುಳ ತಮ್ಮ ನೆಲಕ್ಕೆ ಬರಬಾರದು. ನೀರಿಗೆ ತಾಗಿದ ಸಾಮಾನು, ಮೀನಿನ ಗಾಳವೂ ಸೇರಿ, ಇದ್ದರೆ ಇಳಿಯುವಾಗಲೇ ಬಾಯಿಬಿಟ್ಟು ಹೇಳಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ! ಅವರ ಭಯಕ್ಕೆ ಕಾರಣ ಇದೆ. 2004ರಲ್ಲಿ ಅಲ್ಲಿನ ದಕ್ಷಿಣ ದ್ವೀಪದ ನದಿಯೊಂದರಲ್ಲಿ ಡಿಡಿಮೊ ಅನ್ನೋ ಲೋಳೆಪಾಚಿ ಕಾಣಿಸಿಕೊಂಡು ನದಿ ನದಿಗೆ ಹಬ್ಬಿತು. ಒದ್ದೆ ಬೂಟು, ಒದ್ದೆ ಗಾಳದ ಮೂಲಕ ಒಂದು ನೀರಿಂದ ಇನ್ನೊಂದಕ್ಕೆ ದಾಟುವ ಪೀಡೆ ಅದು. ಅದಕ್ಕೇ ಗಾಳ ತೊಳೆದಿರಬೇಕು, ಪೂರ್ತಿ ಒಣಗಿರಬೇಕು. ಮೀನು ಹಿಡಿಯುವವರ ಉಣ್ಣೆಯಟ್ಟೆ ಬೂಟು ಅಲ್ಲಿ ನಿಷೇಧ. ಐಸ್‌ಲೆಂಡಿನಲ್ಲೂ ಬಳಸಿದ ಗಾಳ ತಂದರೆ ಔಷಧಿಯಲ್ಲಿ ಅದ್ದಿ ಶುದ್ಧಿ ಮಾಡಿದ ಮೇಲೇ ಒಳಗೆ. ಭಾವನದಂತೂ ಬಿದಿರು, ಹುಳ ಕೊರೆದ ತೂತಿದ್ದರೆ ಮುಗಿಯಿತು ಕಥೆ.

ಭಾವ ಫಾರಂನಲ್ಲಿ ಹೌದು ಅಂತ ಗುರುತು ಹಾಕಿದ. ಅಧಿಕಾರಿಣಿಯೊಬ್ಬಳು ಪೈಪು ಬಿಚ್ಚಿಸಿ, ಬಿದಿರನ್ನು ಬೆಳಕಿಗೆ ಹಿಡಿದು, ಗೆಣ್ಣು ಗೆಣ್ಣು ನೋಡಿದಳಂತೆ. ತೂತಿಲ್ಲ, ಮಣ್ಣಿಲ್ಲ. ಎಣ್ಣೆ ಕುಡಿದ ಬಿದಿರಿಗೆ ಹುಳ ಎಲ್ಲಿ ಬರಬೇಕು? ಹಿತ್ತಾಳೆ ಬಳೆ ಮುಟ್ಟಿ, ಇದನ್ನು ಯಾರು ಮಾಡಿದ್ದು ಅಂತ ಕೇಳಿದಳು. ಇವನು "ನಾಗಮಂಗಲ" ಅಂದ. ಅವಳಿಗೆ ಏನು ಅರ್ಥವಾಯಿತೋ, ನಕ್ಕು ಬಿಟ್ಟಳು.

ಅಲ್ಲಿಯ ಕಾನೂನು ಕೇಳಿ: ಟ್ರೌಟ್ ಮೀನು ಹಿಡಿಯಲು ಲೈಸೆನ್ಸ್ ಬೇಕು, ಹಿಡಿದದ್ದನ್ನು ಮಾರೋ ಹಾಗಿಲ್ಲ. ಎಷ್ಟೋ ಕಡೆ ಕೊಕ್ಕೆಗೆ ತಿನ್ನುವ ಪದಾರ್ಥವೇ ಸಿಕ್ಕಿಸಬಾರದು, ಅಂದರೆ ರಾಗಿ ಮುದ್ದೆಗೆ ಪ್ರವೇಶವಿಲ್ಲ! ವೈಕಾಟೊದಲ್ಲಿ ಕೋಯಿ ಕಾರ್ಪ್ ಅನ್ನೋ ಹೊರಗಿನ ಮೀನೊಂದು ಪೀಡೆಯಾಗಿದೆ. ಗಾಳಕ್ಕೆ ಬಿದ್ದರೆ ಜೀವಂತ ನೀರಿಗೆ ಬಿಡೋದೇ ತಪ್ಪು. ಇಲ್ಲಿ ಹಿಡಿದದ್ದನ್ನು ಬಿಡಬೇಕು ಅಂತಿದ್ದರು, ಅಲ್ಲಿ ಬಿಟ್ಟರೆ ತಪ್ಪು ಅಂತಾರೆ.

ಭಾವ ಹೋಗಿ ಮೂರು ತಿಂಗಳಾಯಿತು. ಅತ್ತೆ ದಿನಾ ಮಾತಾಡುತ್ತಾರೆ. ಮಾವ ಫೋನ್ ಕೈಗೆ ತಗೊಂಡಿರಲಿಲ್ಲ. "ಚೆನ್ನಾಗವ್ನಂತಾ? ಸರಿ" ಅಷ್ಟೇ. ಮೊನ್ನೆ ನಾನು ಊರಿಗೆ ಹೋದಾಗ ಭಾವನಿಂದ ನನ್ನ ಮೊಬೈಲಿಗೆ ಒಂದು ಫೋಟೋ ಬಂದಿತ್ತು. ಹಸಿರು ದಂಡೆ, ಅಗಲದ ನದಿ, ದಪ್ಪ ಜಾಕೆಟ್ ಹಾಕಿದ ನಮ್ಮ ಭಾವ, ಕೈಯಲ್ಲಿ ಒಂಬತ್ತಡಿ ಬಿದಿರು. ಮೀನು ಗೀನು ಏನೂ ಇಲ್ಲ. ಮಾವನ ಮುಂದೆ ಹಿಡಿದೆ.

ಮಾವ ಕನ್ನಡಕ ತರಿಸಿಕೊಂಡರು. ಮಗನ ಮುಖ ನೋಡಿದ್ದು ಒಂದು ಗಳಿಗೆ. ಆಮೇಲೆ ಬೆರಳಿನಲ್ಲಿ ಫೋಟೋ ದೊಡ್ಡದು ಮಾಡಿಸಿ ಕಡ್ಡಿಯನ್ನೇ ನೋಡುತ್ತಾ ಕೂತರು.

"ನಡೀಕಿನ ತುಂಡು ಪೂರ್ತಿ ಕೂತಿಲ್ಲ ಕನಪ್ಪಾ. ಎರಡು ಬೆರಳು ಆಚೆ ಅದೆ. ಹಿಂಗೆ ಹಿಡಿದ್ರೆ ಮುರೀತದೆ. ಹಚ್ಚು ಫೋನ."

"ಮಾವ, ಈಗ ಅಲ್ಲಿ ಮಧ್ಯರಾತ್ರಿ ಮೇಲೆ ಒಂದೂವರೆ ಗಂಟೆ."

"ರಾತ್ರಿ ಡೂಟಿ ಅಲ್ವಾ ಅವ್ನ್ದು? ಎದ್ದಿರ್ತಾನೆ. ಹಚ್ಚು."

ಹಚ್ಚಿದೆ. ಎರಡನೇ ರಿಂಗಿಗೇ ಎತ್ತಿದ. ನಾನು ಫೋನನ್ನು ಮಾವನ ಕೈಗೆ ಕೊಟ್ಟು ಜಗುಲಿಗೆ ಬಂದೆ.